ನುಂಗಿದರೆ ಒಪ್ಪಿಗೆ

ಬೆಳಿಗ್ಗೆ ಐದೂವರೆಗೆಲ್ಲ ಡೇರಿಯ ಸಿಮೆಂಟು ಕಟ್ಟೆಯ ಮುಂದೆ ಕ್ಯಾನುಗಳು ಸಾಲುಗಟ್ಟುತ್ತಿದ್ದವು. ಕಟ್ಟೆಯ ಮೇಲೆ, ತೂಕದ ಯಂತ್ರಕ್ಕೆ ಎರಡು ಹೆಜ್ಜೆ ಮುಂಚೆ, ಉದ್ದ ಹಿಡಿಯ ಸ್ಟೀಲ್ ಚಮಚ ಹಿಡಿದು ಅವನು ನಿಂತಿರುತ್ತಿದ್ದ. ಹಾಲು ತರುವ ಹೈನದವರೆಲ್ಲ ಅವನನ್ನು ನಾಲಿಗೆಯಣ್ಣ ಎನ್ನುತ್ತಿದ್ದರು. ಕೊಬ್ಬು ಎಷ್ಟು, ನೀರು ಎಷ್ಟು ಎಂದು ಹೇಳುವ ಯಂತ್ರ ಬಂದು ಹತ್ತು ವರ್ಷವಾಗಿತ್ತು. ಆದರೆ ಹಸು ಯಾವ ಕಹಿ ಸೊಪ್ಪು ಮೇಯ್ದಿದೆ, ಕ್ಯಾನು ತೊಳೆದ ಮೇಲೆ ಒಣಗಿಸಿದ್ದಾರೋ ಇಲ್ಲವೋ, ಹಾಲು ಇನ್ನೆರಡು ಗಂಟೆಯಲ್ಲಿ ಹುಳಿಯುತ್ತದೋ ಎಂಬುದನ್ನು ಯಂತ್ರ ಹೇಳುತ್ತಿರಲಿಲ್ಲ. ಅದನ್ನು ಹೇಳುವುದಕ್ಕೆ ಇಪ್ಪತ್ತಾರು ವರ್ಷದಿಂದ ಅವನ ನಾಲಿಗೆ ಇತ್ತು.

ಅವನು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಆ ಕಟ್ಟೆಯ ರೂಢಿಯೇ ಹಾಗೆ. ಹಿಂದಿದ್ದ ರುಚಿಗಾರ ಮಾತು ಕಡಿಮೆಯ ಮನುಷ್ಯ. ಅವನ ಕಾಲದಿಂದ ಬಂದದ್ದು. ಚಮಚದ ಹಾಲು ಬಾಯಿಗೆ ಹಾಕಿ, ನಾಲಿಗೆಯ ಮೇಲೆ ಒಮ್ಮೆ ಹೊರಳಿಸಿ, ನುಂಗಿದರೆ ಹಾಲು ಒಪ್ಪಿಗೆ. ಮೋರಿಗೆ ಉಗಿದರೆ ಕ್ಯಾನು ವಾಪಸ್ಸು. ಅಪ್ಪೀಲಿಲ್ಲ. ಹಾಲು ತಂದವರು ಅವನ ಮುಖ ನೋಡುತ್ತಿರಲಿಲ್ಲ, ಕತ್ತು ನೋಡುತ್ತಿದ್ದರು. ಗಲ್ಲದ ಕೆಳಗಿನ ಮಡಿಕೆ ಒಮ್ಮೆ ಅಲುಗಿತೆಂದರೆ ಉಸಿರು ಬಿಟ್ಟು ಕ್ಯಾನನ್ನು ತೂಕಕ್ಕೆ ತಳ್ಳುತ್ತಿದ್ದರು.

ಆ ಮಡಿಕೆ ಈಗ ಮೂರಾಗಿತ್ತು. ಅವನ ತೂಕ ನೂರ ನಲವತ್ತೆಂಟು ಕಿಲೋ ಮುಟ್ಟಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದ. ಬೂಟಿನ ದಾರ ಹೆಂಡತಿ ಕಟ್ಟಬೇಕಿತ್ತು. ಅವನ ಅಣ್ಣನೂ ಇಂಥದೇ ಮೈಯವನು. ಐವತ್ತಕ್ಕೆ ಕುರ್ಚಿಯಲ್ಲೇ ಹೋಗಿಬಿಟ್ಟ. ಅವನನ್ನು ಹೊರಗೆ ತರುವುದಕ್ಕೆ ಬಾಗಿಲ ಚೌಕಟ್ಟು ಕಿತ್ತಿದ್ದರು. ಇವನಿಗೆ ಈಗ ನಲವತ್ತೊಂಬತ್ತು.

ಜಠರ ಕಿರಿದು ಮಾಡುವ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದಾಗ ಡಾಕ್ಟರಮ್ಮ ಸುತ್ತಿಬಳಸದೆ ಹೇಳಿದ್ದಳು.

"ನಿಮ್ಮ ಹೃದಯ ಸೋತಿದೆ. ಈಗ ಮಾಡಿದ್ರೆ ಉಂಟು, ಮುಂದಿನ ವರ್ಷ ಅಂದ್ರೆ ಅರಿವಳಿಕೆ ಕೊಡೋಕೆ ನನಗೇ ಧೈರ್ಯ ಬರಲ್ಲ. ಜಠರದ ಮೇಲೆ ಯಕೃತ್ತು ಕೂತಿರುತ್ತೆ. ನಿಮ್ಮದು ಕೊಬ್ಬಿ ಊದಿಕೊಂಡಿದೆ. ಅದು ಕುಗ್ಗದಿದ್ರೆ ನನ್ನ ಕೈ ಒಳಗೆ ಹೋಗಲ್ಲ. ಹದಿನಾಲ್ಕು ದಿನ ಬರೀ ದ್ರವ. ಕದ್ದು ತಿಂದ್ರೆ ನನಗೆ ಗೊತ್ತಾಗಲ್ಲ ಅಂದ್ಕೋಬೇಡಿ. ಒಳಗೆ ನೋಡಿದಾಗ ಗೊತ್ತಾಗುತ್ತೆ."

ಪಥ್ಯದ ಚೀಟಿಯನ್ನು ಹೆಂಡತಿ ಅಡುಗೆಮನೆಯ ಕಪಾಟಿಗೆ ಅಂಟಿಸಿದಳು. ದಿನಕ್ಕೆ ಮೂರು ಗ್ಲಾಸು ನೀರಿನಲ್ಲಿ ಕದಡಿದ ಪ್ರೋಟೀನ್ ಪುಡಿ, ಎರಡು ಬಟ್ಟಲು ತರಕಾರಿ ಬೇಯಿಸಿ ಬಸಿದ ನೀರು, ಮಿಕ್ಕಂತೆ ಬರೀ ನೀರು. ಹಣ್ಣಿನ ರಸ ಇಲ್ಲ, ಸಕ್ಕರೆ ಇಲ್ಲ, ಹಾಲು ಇಲ್ಲ. ಅವಳು ಗೆರೆಯಿರುವ ಗಾಜಿನ ಲೋಟವೊಂದನ್ನು ಕೊಂಡುತಂದು, ಗೆರೆಗಿಂತ ಒಂದು ಹನಿ ಹೆಚ್ಚಾದರೂ ಚೆಲ್ಲುತ್ತಿದ್ದಳು.

"ಆ ಹನಿ ಚೆಲ್ಲಿದ್ದಕ್ಕೆ ಎಷ್ಟು ಪುಣ್ಯ ಬಂತೇ?" ಎಂದು ಅವನು ಕೇಳಿದ.

"ನೀವು ಬದುಕಿದ್ರೆ ಸಾಕು, ಪುಣ್ಯ ಆಮೇಲೆ ನೋಡ್ಕೊಳ್ಳೋಣ. ಕುಡೀರಿ."

ಮೊದಲ ಮೂರು ದಿನ ತಲೆ ಸಿಡಿಯಿತು. ನಾಲ್ಕನೆಯ ದಿನ ಕೈ ನಡುಗಿತು. ಪುಡಿಯ ನೀರಿಗೆ ಒದ್ದೆ ಹಲಗೆಯ ವಾಸನೆ. ಬಾಯಲ್ಲಿ ಸೀಮೆಸುಣ್ಣ ಅರೆದಂತಾಗುತ್ತಿತ್ತು. ಆರನೆಯ ದಿನದ ಹೊತ್ತಿಗೆ ಅವನಿಗೆ ಹಸಿವೆಂಬುದು ಹೊಟ್ಟೆಯಲ್ಲಿ ಇರುವುದಲ್ಲ, ಹಲ್ಲಿನಲ್ಲಿ ಇರುವುದು ಎಂದು ಗೊತ್ತಾಯಿತು. ಏನಾದರೂ ಕಚ್ಚಬೇಕು. ಪೆನ್ನಿನ ಮುಚ್ಚಳ ಕಚ್ಚಿದ, ಅಂಗಿಯ ಕಾಲರು ಕಚ್ಚಿದ. ಪಕ್ಕದ ಮನೆಯಲ್ಲಿ ಈರುಳ್ಳಿ ಹುರಿದರೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದ. ಹೆಂಡತಿ ತನ್ನ ಊಟವನ್ನು ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ತಟ್ಟೆಗೆ ಸೆರಗು ಮುಚ್ಚಿಕೊಂಡು, ಕಳ್ಳಿಯ ಹಾಗೆ ಬೇಗಬೇಗ ಮುಗಿಸಿ ಬಾಯಿ ತೊಳೆದು ಒಳಗೆ ಬರುತ್ತಿದ್ದಳು. ಒಂದು ದಿನ ಅವನು ಅದನ್ನು ಬಾಗಿಲ ಸಂದಿಯಿಂದ ಕಂಡ. ಹಿಂದೆ ಬಂದು ಕುರ್ಚಿಯಲ್ಲಿ ಕೂತ.

ಒಂಬತ್ತನೆಯ ದಿನ ಅವಳು ಅಂಗಡಿಗೆ ಹೋಗಿದ್ದಾಗ ಬ್ರೆಡ್ಡಿನ ಡಬ್ಬಿ ತೆರೆದ. ಒಂದು ಹೋಳು ತೆಗೆದು ಮೂಗಿಗೆ ಹಿಡಿದ. ಕಣ್ಣಲ್ಲಿ ನೀರು ಬಂತು. ಅಣ್ಣನ ಮನೆಯ ಬಾಗಿಲು, ಗೋಡೆಯಿಂದ ಕಿತ್ತ ಇಟ್ಟಿಗೆ, ಆ ಧೂಳು ನೆನಪಾಯಿತು. ಹೋಳನ್ನು ಅದರ ಜಾಗದಲ್ಲೇ ಇಟ್ಟು ಮುಚ್ಚಳ ಹಾಕಿದ. ಸಂಜೆ ಅವಳು ಹೋಳುಗಳನ್ನು ಎಣಿಸಿದ್ದನ್ನು ಕಂಡು ಅವನಿಗೆ ಬೇಸರವಾಗಲಿಲ್ಲ, ಹೆಮ್ಮೆಯಾಯಿತು.

ಆ ದಿನಗಳಲ್ಲಿ ಅವನಿಗೆ ನೆಮ್ಮದಿ ಇದ್ದದ್ದು ಕಟ್ಟೆಯ ಮೇಲೆ ಮಾತ್ರ. ಬೆಳಿಗ್ಗೆ ತೊಂಬತ್ತು ಕ್ಯಾನು, ಸಂಜೆ ಎಪ್ಪತ್ತು. ಮೊದಲ ಹತ್ತು ಕ್ಯಾನು ಕಳೆಯುವಷ್ಟರಲ್ಲಿ ತಲೆಯ ಸಿಡಿತ ಇಳಿಯುತ್ತಿತ್ತು, ಕೈ ನಿಲ್ಲುತ್ತಿತ್ತು. ದುಡಿಮೆಯಲ್ಲಿ ಹಸಿವು ಮರೆಯುತ್ತದೆ ಎಂದು ಅವನು ಹೆಂಡತಿಗೆ ಹೇಳಿದ. ರಜೆ ಹಾಕಿ ಎಂದು ಅವಳು ಎಷ್ಟು ಹೇಳಿದರೂ ಹಾಕಲಿಲ್ಲ. ನಾಲಿಗೆಯೂ ಎಂದಿಗಿಂತ ಚುರುಕಾಗಿತ್ತು. ಒಂದು ಕ್ಯಾನಿನಲ್ಲಿ ಸೀಮೆಎಣ್ಣೆ ಮುಟ್ಟಿದ ಕೈಯ ವಾಸನೆಯನ್ನೂ ಹಿಡಿದ. ಕಟ್ಟೆಯವರು ಟೀ ತಂದರೆ ಹಾಲಿಲ್ಲದ್ದನ್ನೇ, ಸಕ್ಕರೆಯಿಲ್ಲದ್ದನ್ನೇ ಕುಡಿಯುತ್ತಿದ್ದ.

"ಡೇರಿಲಿ ನಿಂತು ಕರೀ ಟೀ ಕುಡಿಯೋ ಗಂಡು ನೀನೊಬ್ಬನೇ ಅಣ್ಣ," ಎಂದ ತೂಕದವನು. ಅವನದು ಕಡ್ಡಿಯಂಥ ಮೈ. "ಹೊಟ್ಟೆ ಕತ್ತರಿಸಿದ ಮೇಲೆ ಮಿಕ್ಕ ಚೂರು ಬಿಸಾಕ್ಬೇಡ ಅಂತ ಡಾಕ್ಟರಿಗೆ ಹೇಳು. ನನಗಿರೋದು ಸಾಲದು, ಸೇರಿಸಿ ಹೊಲಿಸ್ಕೋತೀನಿ."

ಅವನು ನಕ್ಕ. ನಕ್ಕು, ಮುಂದಿನ ಕ್ಯಾನಿಗೆ ಚಮಚ ಹಾಕಿದ.

ಹದಿನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ತೂಗಿದಾಗ ನಾಲ್ಕು ಕಿಲೋ ಇಳಿದಿತ್ತು. ನರ್ಸು ಹಾಳೆ ನೋಡಿ, "ಏಳೆಂಟು ಇಳೀಬೇಕಿತ್ತು," ಎಂದು ತನಗೆ ತಾನೇ ಹೇಳಿಕೊಂಡಳು. "ಒಬ್ಬೊಬ್ಬರ ಮೈ ಒಂದೊಂದು ಥರ."

ಅರಿವಳಿಕೆ ಇಳಿದು ಎಚ್ಚರವಾದಾಗ ಹೊಟ್ಟೆಯ ಮೇಲೆ ಮೂರು ಪಟ್ಟಿಗಳಿದ್ದವು. ಗಂಟಲು ಉರಿಯುತ್ತಿತ್ತು. ಮುಗಿಯಿತು ಎಂದುಕೊಂಡ. ಕಣ್ಣು ಮುಚ್ಚಿಯೇ ಹೆಂಡತಿಯ ಕೈ ಹುಡುಕಿದ. ಕೈ ಸಿಕ್ಕಿತು, ಆದರೆ ಅದು ಇವನ ಕೈ ಹಿಡಿಯಲಿಲ್ಲ.

ಡಾಕ್ಟರಮ್ಮ ಸಂಜೆ ಬಂದು ಮಂಚದ ಕಾಲ ಬಳಿ ನಿಂತಳು. "ಏನೂ ಮಾಡಲಿಲ್ಲ. ಕ್ಯಾಮರಾ ಹಾಕಿ ನೋಡಿ ಹಾಗೇ ಮುಚ್ಚಿದೆ. ಯಕೃತ್ತು ಕುಗ್ಗಿಲ್ಲ. ಏನು ತಿಂದ್ರಿ?"

"ಏನೂ ಇಲ್ಲ."

"ನೋಡಿ, ನಾನು ಬಯ್ಯೋಕೆ ಕೇಳ್ತಿಲ್ಲ."

"ಏನೂ ತಿಂದಿಲ್ಲ ಮೇಡಂ. ಇವಳನ್ನೇ ಕೇಳಿ."

ಹೆಂಡತಿ ನೆಲ ನೋಡುತ್ತಿದ್ದಳು. "ನಾನು ಕೊಟ್ಟಿದ್ದು ಅಷ್ಟೇ," ಎಂದಳು. ಆ 'ನಾನು' ಎಂಬ ಮಾತಿನ ಮೇಲೆ ಅವಳು ಊರಿದ ಭಾರ ಅವನಿಗೆ ತಿಳಿಯಿತು.

ಎರಡು ತಿಂಗಳ ನಂತರ ಹೃದಯ ಪರೀಕ್ಷೆ. ಅದು ಒಪ್ಪಿದರೆ ಇನ್ನೊಂದೇ ಸಲ ಪ್ರಯತ್ನ, ಆಮೇಲೆ ಇಲ್ಲ, ಎಂದು ಡಾಕ್ಟರಮ್ಮ ಹೇಳಿಹೋದಳು. ಅಲ್ಲಿಯವರೆಗೆ ಕೊಬ್ಬು ಬಾಯಿಗೆ ಸೋಕಕೂಡದು.

ಮನೆಗೆ ಬಂದ ಮೇಲೆ ಹೆಂಡತಿ ಬಯ್ಯಲಿಲ್ಲ. ಅದೇ ಕಷ್ಟವಾಗಿತ್ತು. ಹಿತ್ತಿಲ ಕಲ್ಲಿಗೆ ಹೋಗುವುದನ್ನು ಬಿಟ್ಟು ಅವನ ಎದುರಿಗೇ ಕೂತು ಊಟ ಮಾಡತೊಡಗಿದಳು. ನೋಡಲು ಬಂದ ತಂಗಿ ಸುಮ್ಮನಿರುವವಳಲ್ಲ.

"ಅತ್ತಿಗೆ ಹದಿನಾಲ್ಕು ದಿನ ಕಲ್ಲಿನ ಮೇಲೆ ಕೂತು ತಿಂದ್ಲು ಕಣೋ ಅಣ್ಣ. ನಿನಗೆ ನಾಲಿಗೆ ಹಿಡಿಯೋಕಾಗಲಿಲ್ವಾ? ದೊಡ್ಡಣ್ಣನ ಬಾಗಿಲು ಕಿತ್ತಾಗ ನೀನೇ ಅಲ್ವಾ ಹಾರೆ ಹಿಡಿದಿದ್ದು? ಈ ಮನೆ ಬಾಗಿಲು ಯಾರ ಕೈಲಿ ಕೀಳಿಸ್ತೀಯ?"

"ನಿನ್ನಾಣೆ, ನಾನು ತಿಂದಿಲ್ಲ."

"ನನ್ನ ಮೇಲೆ ಯಾಕೋ ಆಣೆ? ನನಗಿನ್ನೂ ಬದುಕೋ ಆಸೆ ಇದೆ."

ಅವಳು ತಮಾಷೆಗೆ ಅಂದದ್ದು. ಯಾರೂ ನಗಲಿಲ್ಲ. ಹೆಂಡತಿ ಎದ್ದು ಒಳಗೆ ಹೋಗಿ ಬ್ರೆಡ್ಡಿನ ಡಬ್ಬಿಗೆ ಚಿಲಕವಿರುವ ಕಪಾಟಿನಲ್ಲಿ ಜಾಗ ಮಾಡಿದಳು. ಅವನಿಗೆ ತನ್ನ ಮೇಲೇ ಅನುಮಾನ ಬಂತು. ಕುರ್ಚಿಯಲ್ಲಿ ಮಂಪರು ಹತ್ತಿದಾಗ ಎದ್ದು ಹೋಗಿ ತಿಂದೆನೇ? ತಿಂದವನಿಗೇ ತಿಳಿಯದೆ ತಿನ್ನುವುದುಂಟೇ?

ಹನ್ನೆರಡು ದಿನ ಕಳೆದು ಅವನು ಕಟ್ಟೆಗೆ ಮರಳಿದ. ಹೈನದವರಿಗೆಲ್ಲ ಸಮಾಧಾನ. ಇವನಿಲ್ಲದಾಗ ತೂಕದವನೇ ರುಚಿ ನೋಡಿದ್ದ. ಹೊಗೆಸೊಪ್ಪಿನ ಬಾಯಿ, ಒಳ್ಳೆಯದನ್ನು ಉಗಿದು ಕೆಟ್ಟದ್ದನ್ನು ನುಂಗಿದ್ದ. ಮೊದಲ ಕ್ಯಾನು, ಎರಡನೆಯದು, ಮೂರನೆಯದು. ಹತ್ತನೆಯದರ ಹೊತ್ತಿಗೆ ತಲೆಯ ಭಾರ ಇಳಿಯಿತು, ಕೈ ನಿಂತಿತು. ಮೈಗೆ ಹಿತವಾಯಿತು.

ಹನ್ನೊಂದನೆಯದು ನೆಗ್ಗಿದ ಕ್ಯಾನಿನ ಅಜ್ಜಿಯದು. ಒಂದೇ ಹಸು, ಒಂದೇ ಕ್ಯಾನು, ಬರುವಾಗ ನಾಲ್ಕು ಕಡೆ ಇಳಿಸಿ ಹೊತ್ತು ತರುವವಳು. ಅವಳ ಹಾಲು ಯಾವಾಗಲೂ ಮಂದ, ಕೊನೆಯಲ್ಲೊಂದು ತಣ್ಣನೆಯ ಸಿಹಿ. ಅವನು ಅದನ್ನು ನಾಲಿಗೆಯ ಮೇಲೆ ಹೊರಳಿಸಿದ. ಅಜ್ಜಿ ಅವನ ಕತ್ತು ನೋಡುತ್ತಿದ್ದಳು. ನುಂಗಿದ.

ನುಂಗಿದ್ದು ಗಂಟಲಿನಿಂದ ಕೆಳಗೆ ಹೋಗುವುದು ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವನಿಗೆ ಗೊತ್ತಾಯಿತು. ಎದೆಯ ಹಿಂದೆ ಬೆಚ್ಚಗೆ ಇಳಿದು, ಪಟ್ಟಿ ಹಾಕಿದ್ದ ಜಾಗದ ಹತ್ತಿರ ನಿಂತಿತು. ಚಮಚ ಹಿಡಿದ ಕೈ ಹಾಗೇ ಉಳಿಯಿತು.

"ಯಾಕಪ್ಪ, ಚೆನ್ನಾಗಿಲ್ವಾ?" ಎಂದಳು ಅಜ್ಜಿ.

"ಚೆನ್ನಾಗಿದೆ ಅಜ್ಜಿ," ಎಂದ. "ತುಂಬಾ ಚೆನ್ನಾಗಿದೆ."

ಆ ದಿನದ ಮಿಕ್ಕ ಕ್ಯಾನುಗಳನ್ನೆಲ್ಲ ನುಂಗಿಯೇ ಮುಗಿಸಿದ. ಹೇಗೆ ಮುಗಿಸಿದನೋ ಅವನಿಗೇ ತಿಳಿಯದು. ಸಂಜೆಯ ಸರದಿ ಕಳೆದ ಮೇಲೆ ಚಮಚವನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದು, ಹೆಂಡತಿಯ ಮುಂದೆ ಮೇಜಿನ ಮೇಲಿಟ್ಟ. ಗೆರೆಯ ಲೋಟ ತರಲು ಹೇಳಿದ. ಪಾತ್ರೆಯಿಂದ ಚಮಚ ಚಮಚವಾಗಿ ನೀರು ಎತ್ತಿ ಲೋಟಕ್ಕೆ ಹುಯ್ದ. ಅವಳಿಗೆ ಏನೂ ಅರ್ಥವಾಗಲಿಲ್ಲ, ಆದರೂ ಎಣಿಸಿದಳು. ಮೂವತ್ತೊಂಬತ್ತಕ್ಕೆ ಗೆರೆ ಮುಟ್ಟಿತು.

"ದಿನಕ್ಕೆ ನೂರ ಅರವತ್ತು ಕ್ಯಾನು," ಎಂದ.

ಅವಳು ಲೋಟ ನೋಡಿದಳು, ಚಮಚ ನೋಡಿದಳು. ತುಟಿ ಅಲ್ಲಾಡಿಸಿ ಲೆಕ್ಕ ಹಾಕಿದಳು. "ಮೂರು ಲೋಟ ನಾನು ಕೊಟ್ಟೆ," ಎಂದಳು. "ನಾಲ್ಕು ಲೋಟ ಗಟ್ಟಿ ಹಾಲು ಊರವರು ಕೊಟ್ರು."

"ಅದು ಕುಡಿಯೋದು ಅಂತ ನನಗೆ ಹೊಳೀಲೇ ಇಲ್ವೇ. ಅದು ಕೆಲಸ."

"ನನಗೆ ಹೊಳೀತಾ?" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು ಹೋಗಿ ಕಪಾಟಿನ ಚಿಲಕ ತೆಗೆದು ಬ್ರೆಡ್ಡಿನ ಡಬ್ಬಿಯನ್ನು ಮೊದಲಿನ ಜಾಗಕ್ಕೆ ತಂದಿಟ್ಟಳು. ನಂತರ, ಅವನ ಕಡೆ ತಿರುಗದೆಯೇ ಹೇಳಿದಳು: "ನಾಳೆಯಿಂದ ಉಗೀರಿ."

"ಉಗಿದ್ರೆ ವಾಪಸ್ಸು ಅಂತ ಅರ್ಥ ಕಣೇ."

"ಅರ್ಥ ಬದಲಾಯಿಸಿ. ನೀವು ಸತ್ರೆ ಅವರೇನು ಕ್ಯಾನು ಮನೇಲಿಟ್ಕೊಂಡು ಅಳ್ತಾರಾ?"

ಮರುದಿನ ಸಾಲು ನೆರೆದ ಮೇಲೆ ಅವನು ಕಟ್ಟೆಯ ಅಂಚಿಗೆ ಬಂದು ನಿಂತ. ಸಾಲಿನ ಮುಂದೆ ಮಾತಾಡಿ ಅಭ್ಯಾಸವಿಲ್ಲ. ದನಿ ಸಣ್ಣಗೆ ಬಂತು. "ಡಾಕ್ಟರು ಹಾಲು ನುಂಗಬಾರದು ಅಂದಿದ್ದಾರೆ. ಇವತ್ತಿನಿಂದ ಎಲ್ಲರದನ್ನೂ ಉಗೀತೀನಿ. ಚೆನ್ನಾಗಿದ್ರೆ ಚೆನ್ನಾಗಿದೆ ಅಂತ ಬಾಯಲ್ಲಿ ಹೇಳ್ತೀನಿ. ತಪ್ಪು ತಿಳೀಬೇಡಿ."

ಹಿಂದೆ ನಿಂತವರಿಗೆ ಕೇಳಿಸಿತೋ ಇಲ್ಲವೋ.

ಮೊದಲು ಬಂದದ್ದು ಆ ಅಜ್ಜಿಯೇ. ಚಮಚ ಅದ್ದಿದ. ಅದೇ ಮಂದ, ಅದೇ ಸಿಹಿ. ಮೈಯೆಲ್ಲ ಅದನ್ನು ಬೇಡಿತು. ಗಂಟಲು ತಾನಾಗಿಯೇ ತೆರೆದುಕೊಂಡಿತು. ಅವನು ಮೋರಿಯ ಕಡೆ ಬಾಗಿ ಉಗಿದ. ಸಿಮೆಂಟಿನ ಮೇಲೆ ಬೆಳ್ಳಗೆ ಬಿದ್ದು ಹರಿಯಿತು.

"ಚೆನ್ನಾಗಿದೆ ಅಜ್ಜಿ. ತೂಕಕ್ಕೆ ತಳ್ಳಿ."

ಅಜ್ಜಿ ತಳ್ಳಲಿಲ್ಲ. ಮುಖದ ಮೇಲೇ ಉಗಿಸಿಕೊಂಡವಳಂತೆ ನಿಂತಿದ್ದಳು. ಮೋರಿ ನೋಡಿದಳು, ಅವನ ಕತ್ತು ನೋಡಿದಳು.

"ಚೆನ್ನಾಗಿದ್ರೆ ನುಂಗಪ್ಪ," ಎಂದಳು.

"ನಾನು ಹೇಳಿದ್ನಲ್ಲ ಅಜ್ಜಿ, ಡಾಕ್ಟರು..."

"ಒಂದೇ ಒಂದು ಚಮಚ. ನನ್ನದೊಂದು ನುಂಗಿದ್ರೆ ನೀನು ಸಾಯ್ತೀಯಾ?"

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ಅವನ ಗಲ್ಲದ ಕೆಳಗಿನ ಮಡಿಕೆಯನ್ನೇ ನೋಡುತ್ತಿದ್ದರು. ಮೊದಲ ಕ್ಯಾನಿಗೆ ನುಂಗಿದರೆ ಮಿಕ್ಕ ಎಂಬತ್ತೊಂಬತ್ತಕ್ಕೂ ನುಂಗಬೇಕು. ಅದು ಅವನಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅವನು ತಾನೇ ಬಾಗಿ, ಏದುಸಿರು ಬಿಡುತ್ತ, ಅವಳ ಕ್ಯಾನನ್ನು ತೂಕದ ಮೇಲೆ ಎತ್ತಿಟ್ಟ. ಹೊಟ್ಟೆಯ ಮೇಲಿನ ಗಾಯ ಚಳಕ್ಕೆಂದಿತು. ತೂಕದವನು ಅವನ ಮುಖ ನೋಡಿ, ತಡೆದು, ಸೀಮೆಸುಣ್ಣದಿಂದ ಕ್ಯಾನಿಗೆ ಒಪ್ಪಿಗೆಯ ಗೆರೆ ಎಳೆದ. ಅಜ್ಜಿ ಆ ಗೆರೆಯನ್ನು ನಂಬಲಿಲ್ಲ. ಕ್ಯಾನಿನ ಪಕ್ಕದಲ್ಲೇ ನಿಂತುಕೊಂಡಳು.

"ಮುಂದಿನವರು," ಎಂದ ಅವನು.

ಮುಂದಿನವನು ಬಂದ. ಕ್ಯಾನು ಇಳಿಸಿದ. ಆದರೆ ಮುಚ್ಚಳದ ಮೇಲಿಟ್ಟ ಕೈ ತೆಗೆಯಲಿಲ್ಲ. ನಾಲಿಗೆಯಣ್ಣ ಬಾಯಿ ಒರೆಸಿಕೊಂಡು, ಖಾಲಿ ಚಮಚ ಹಿಡಿದು, ಆ ಕೈ ಏಳುವುದನ್ನೇ ಕಾಯುತ್ತ ನಿಂತ.