ದೊಡ್ಡೋಳು

“ಇವಳಿಗೆ ಅರ್ಧ ಟಿಕೆಟ್ಟು ತಗೊಂಡಿದೀಯಲ್ಲಮ್ಮ, ವಯಸ್ಸೆಷ್ಟು?” ಟಿಕೆಟ್ ಕಲೆಕ್ಟರು ಕಾಳಮ್ಮ ಕೊಟ್ಟ ಟಿಕೆಟ್ಟುಗಳನ್ನು ತಿರುಗಿಸಿ ನೋಡುತ್ತ ಕೇಳಿದ.

“ಒಂಬತ್ತು ಸ್ವಾಮಿ. ಈ ಯುಗಾದಿಗೆ ತುಂಬ್ತು.”

ಅವನು ಅವಳ ಮಗಳು ಉಚ್ಚಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ವಯಸ್ಸಿಗೆ ಮೀರಿ ಎತ್ತರವಾಗಿದ್ದ ಹುಡುಗಿ. ಎರಡು ವರ್ಷದ ತಮ್ಮ ಶೇಷನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ತಾಯಿಯ ಹಳೆಯ ಸೀರೆ ಕತ್ತರಿಸಿ ಹೊಲಿದ ಲಂಗ ಪಾದ ಮುಚ್ಚುತ್ತಿತ್ತು. ತಮ್ಮ ಮುಲುಗಿದಾಗಲೆಲ್ಲ ಅವಳ ಕೈ ತಾನಾಗಿ ಅವನ ಬೆನ್ನು ತಟ್ಟುತ್ತಿತ್ತು. ಯುದ್ಧದ ಕಾಲ, ರೈಲು ಡಬ್ಬಿಯ ತುಂಬ ಭದ್ರಾವತಿಯ ಕಾರ್ಖಾನೆಗೆ ಕೆಲಸ ಹುಡುಕಿಕೊಂಡು ಹೊರಟವರು. ಶಿವಮೊಗ್ಗದಲ್ಲಿ ಹತ್ತಿದಾಗ ಸಿಕ್ಕ ಒಂದೇ ಒಂದು ಮೂಲೆಯಲ್ಲಿ ಕಾಳಮ್ಮ ಪಾತ್ರೆಯ ಗಂಟು ಇಟ್ಟುಕೊಂಡು ಕೂತಿದ್ದಳು.

“ಒಂಬತ್ತಾ? ನೋಡಿದ್ರೆ ಮದುವೆಗೆ ಬಂದ ಹಾಗಿದಾಳೆ,” ಎಂದ ಕಲೆಕ್ಟರು. ಹತ್ತಿರದವರು ನಕ್ಕರು. ಅವನು ಹುಡುಗಿಯ ಕಡೆಗೇ ತಿರುಗಿದ. “ನೀನೇ ಹೇಳಮ್ಮ. ನೀನು ಚಿಕ್ಕೋಳೋ, ದೊಡ್ಡೋಳೋ?”

ಉಚ್ಚಂಗಿ ತಾಯಿಯ ಮುಖ ನೋಡಿದಳು. ಇದಕ್ಕೆ ಉತ್ತರ ಅವಳಿಗೆ ಚೆನ್ನಾಗಿ ಗೊತ್ತಿತ್ತು. “ದೊಡ್ಡೋಳು,” ಎಂದಳು. “ಅವ್ವ ದಿನಾ ಹೇಳ್ತದೆ.”

ಈಗ ಇಡೀ ಡಬ್ಬಿ ನಕ್ಕಿತು. “ಕೇಳಿದ್ಯಾ? ಪೂರ್ತಿ ಟಿಕೆಟ್ಟಿನ ದುಡ್ಡು ಕೊಡು, ಮೇಲೆ ದಂಡ. ಇಲ್ದಿದ್ರೆ ಮುಂದಿನ ಸ್ಟೇಷನ್ನಲ್ಲಿ ಇಳ್ಕೊಳ್ಳಿ.”

“ದೇವರಾಣೆಗೂ ಒಂಬತ್ತೇ ಸ್ವಾಮಿ.”

ಸೆರಗಿನ ಗಂಟಿನಲ್ಲಿ ಅಷ್ಟು ದುಡ್ಡಿರಲಿಲ್ಲ. ಕಾರ್ಖಾನೆಯವರು ಮನೆ ಕೊಟ್ಟಿದ್ದಾರೆ, ಮಕ್ಕಳನ್ನು ಕರಕೊಂಡು ಬಾ ಎಂದು ಗಂಡ ಮೂರ್ತಪ್ಪ ಹೇಳಿಕಳಿಸಿದ್ದ. ಶಿವಮೊಗ್ಗದ ಕೋಟೆ ಕೇರಿಯ ಅತ್ತೆಮನೆಯಿಂದ ಮೊದಲ ಸಲ ತನ್ನದೇ ಸಂಸಾರ ಹೂಡಲು ಹೊರಟಿದ್ದಳು ಕಾಳಮ್ಮ. ಈಗ ನಡುದಾರಿಯಲ್ಲಿ ಕಳ್ಳಿಯ ಹಾಗೆ ಇಳಿಸುತ್ತಾರೆ. ಎಲ್ಲರ ಕಣ್ಣೂ ತನ್ನ ಮೇಲೆಯೇ. ಅವಳು ಎದ್ದವಳೇ ಉಚ್ಚಂಗಿಯ ಕೆನ್ನೆಗೆ ಬಾರಿಸಿದಳು.

“ಬಾಯಿ ಮುಚ್ಕೊಂಡಿರಕ್ಕೆ ಆಗಲ್ವ ನಿಂಗೆ? ಇಷ್ಟು ದೊಡ್ಡೋಳಾಗಿ…”



ಉಚ್ಚಂಗಿ ಅಳಲಿಲ್ಲ. ತಮ್ಮ ಜಾರದಂತೆ ಒಂದು ಕೈಯಲ್ಲಿ ಬಿಗಿಹಿಡಿದು ಇನ್ನೊಂದು ಕೈಯನ್ನು ಬಾಯಿಗೆ ಒಯ್ದಳು. ತುಟಿಯಂಚಿನಲ್ಲಿ ರಕ್ತ ಕಂಡಿತು. ಅಂಗೈಗೆ ಏನನ್ನೋ ಉಗಿದುಕೊಂಡು ಮುಷ್ಟಿ ಮುಚ್ಚಿದಳು.

“ಏನದು, ತೋರ್ಸು,” ಎಂದ ಕಲೆಕ್ಟರು.

ಅವಳು ತಾಯಿಯ ಕಡೆ ಅಂಜುತ್ತ ನೋಡಿ ಮುಷ್ಟಿ ಬಿಚ್ಚಿದಳು. ಎದುರು ಕೂತಿದ್ದ ಮುದುಕಿಯೊಬ್ಬಳು ಬಗ್ಗಿ ನೋಡಿ, “ಹಾಲುಹಲ್ಲು ಕಣಪ್ಪ,” ಎಂದಳು. “ಕೂಸು ಇದಿನ್ನೂ.”

ಈ ಸಲ ಯಾರೂ ನಗಲಿಲ್ಲ. ಕಲೆಕ್ಟರು ಟಿಕೆಟ್ಟುಗಳನ್ನು ವಾಪಸು ಕೊಟ್ಟ. ಕಾಳಮ್ಮನ ಮುಖ ನೋಡದೆ, ಹುಡುಗಿಯ ತಲೆ ಒಮ್ಮೆ ಸವರಿ ಮುಂದಕ್ಕೆ ಹೋದ.

ಮುದುಕಿ ಸರಿದು, “ಬಾ ಮಗ, ಇಲ್ಲಿ ಕೂತ್ಕ,” ಎಂದು ಉಚ್ಚಂಗಿಗೆ ಜಾಗ ಮಾಡಿಕೊಟ್ಟಳು. ಇಷ್ಟು ಹೊತ್ತೂ ಪಾತ್ರೆಯ ಗಂಟಿಗೆ ಜಾಗ ಕೊಟ್ಟು ಕೂತಿದ್ದ ಕಾಳಮ್ಮನಿಗೆ ಅದು ಹೊಳೆದಿರಲಿಲ್ಲ.

“ಹಲ್ಲು ಯಾವಾಗಿಂದ ಅಲ್ಲಾಡ್ತಿತ್ತು?” ಅವಳು ಮಗಳ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು.

“ಪಂಚಮಿ ಹಬ್ಬದಿಂದ.”

“ನಂಗ್ಯಾಕೆ ಹೇಳ್ಲಿಲ್ಲ?”

“ಶೇಷಂಗೆ ಜ್ವರ ಇತ್ತಲ್ಲವ್ವ.”

ಶೇಷನಿಗೆ ಮೊದಲ ಹಲ್ಲು ಮೂಡಿದಾಗ ಕಾಳಮ್ಮ ಕಡುಬು ಮಾಡಿ ಕೇರಿಗೆಲ್ಲ ಹಂಚಿದ್ದಳು. ಉಚ್ಚಂಗಿಯ ನಂತರ ಹುಟ್ಟಿದ ಇಬ್ಬರು ಉಳಿದಿರಲಿಲ್ಲ. ಇವನಾದರೂ ಉಳಿಯಲಿ ಎಂದು ಉಸಿರು ಬಿಗಿಹಿಡಿದೇ ಸಾಕಿದ್ದಳು. ಅವನು ಹುಟ್ಟಿದ ದಿನ ಬೆಳಿಗ್ಗೆ, ಬಾಗಿಲ ಸಂದಿಯಲ್ಲಿ ಇಣುಕಿದ ಉಚ್ಚಂಗಿಗೆ ಅವಳು ಹೇಳಿದ ಮೊದಲ ಮಾತು, “ಇನ್ಮೇಲೆ ನೀನು ದೊಡ್ಡೋಳು.” ಆಮೇಲೆ ಮಗು ಬಿದ್ದರೂ, ಹಾಲು ಚೆಲ್ಲಿದರೂ ಬೈಗುಳ ಆ ಮಾತಿನಿಂದಲೇ ಶುರುವಾಗುತ್ತಿತ್ತು. ಆ ದಿನ ಉಚ್ಚಂಗಿಗೆ ಎಷ್ಟು ವಯಸ್ಸಾಗಿತ್ತೆಂದು ಅವಳು ಈವರೆಗೆ ಲೆಕ್ಕ ಹಾಕಿರಲಿಲ್ಲ.

ಕೈ ಚಾಚಿ ಶೇಷನನ್ನು ತೆಗೆದುಕೊಂಡಳು. ಅವನು ಅವಳ ಎದೆಗೆ ಒದ್ದು ಅಕ್ಕನ ಕಡೆ ಬಾಗಿ ಕಿರುಚಿದ.

“ನಂಗೇ ಕೊಡವ್ವ,” ಎಂದಳು ಉಚ್ಚಂಗಿ. “ನಂಗೇನೂ ನೋಯ್ತಿಲ್ಲ.”

ಕಾಳಮ್ಮ ಅವನನ್ನು ಕೊಡದೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಮಗನ ಅಳು ಭದ್ರಾವತಿ ಬರುವವರೆಗೂ ನಿಲ್ಲಲಿಲ್ಲ.

ಮೂರ್ತಪ್ಪ ಕೆಲಸದ ಬಟ್ಟೆಯಲ್ಲೇ ಸ್ಟೇಷನ್ನಿಗೆ ಬಂದಿದ್ದ. ಮಗನನ್ನು ಎತ್ತಿಕೊಂಡು ಮುದ್ದಾಡಿದ ಮೇಲೆ ಮಗಳನ್ನು ನೋಡಿದ. “ಯಾಕೆ ಕೆನ್ನೆ ಊದ್ಕೊಂಡಿದೆ?”

ಕಾಳಮ್ಮ ಗಂಟನ್ನು ಕೆಳಗಿಟ್ಟಳು. ಹೇಳಬೇಕಾದವಳು ತಾನು. ಅಷ್ಟರಲ್ಲಿ ಉಚ್ಚಂಗಿಯೇ, “ಹಲ್ಲು ಬಿತ್ತಪ್ಪ,” ಎಂದಳು.

“ಹಂಗಾದ್ರೆ ದೊಡ್ಡೋಳಾದೆ ಬಿಡು,” ಎಂದು ನಕ್ಕು ಅವನು ಶೇಷನನ್ನು ಅವಳ ಕಡೆ ನೀಡಿದ. “ತಗೋ, ನಾನು ಗಂಟು ಹೊರ್ತೀನಿ.”

“ಬ್ಯಾಡ,” ಎಂದಳು ಕಾಳಮ್ಮ. ದನಿ ಅವಳಿಗೇ ಗಟ್ಟಿಯಾಗಿ ಕೇಳಿಸಿತು. “ಅವನ್ನ ನೀವೇ ಎತ್ಕೊಳ್ಳಿ. ಗಂಟು ನಾನು ತರ್ತೀನಿ.”

ಮೂರ್ತಪ್ಪ ಹೆಂಡತಿಯನ್ನೇ ನೋಡಿದ. ಅವಳು ಗಂಟು ಎತ್ತಿ ತಲೆಯ ಮೇಲಿಟ್ಟುಕೊಂಡಳು. ದಾರಿಯುದ್ದಕ್ಕೂ ಅವನ ಹಿಂದೆಯೇ ನಡೆದಳು.

ಕಾರ್ಖಾನೆಯ ಮನೆಗಳು ಒಂದೇ ಸಾಲಿನಲ್ಲಿದ್ದವು. ಸಂಜೆ ಅವಳು ಒಲೆ ಹಚ್ಚುವ ಹೊತ್ತಿಗೆ ಪಕ್ಕದ ತಮಿಳರ ಮನೆಯ ಹುಡುಗಿಯರು ಅಂಗಳದಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದರು. ಉಚ್ಚಂಗಿ ಹೊಸಿಲ ಹತ್ತಿರ ಕೂತು ಮಲಗಿದ್ದ ತಮ್ಮನಿಗೆ ನೊಣ ಓಡಿಸುತ್ತಿದ್ದಳು.

“ನೀನೂ ಹೋಗು,” ಎಂದಳು ಕಾಳಮ್ಮ.

ಉಚ್ಚಂಗಿ ಎದ್ದು ನಿಂತಳು. ಅಂಗಳದ ಕಡೆ ನೋಡಿ, “ಅಲ್ಲಿ ಯಾರನ್ನ ನೋಡ್ಕಬೇಕವ್ವ?” ಎಂದು ಕೇಳಿದಳು.

“ಯಾರನ್ನೂ ಇಲ್ಲ. ಆಡ್ಕೊಂಡು ಬಾ.”

ಅವಳು ಗೆರೆಯ ಅಂಚಿಗೆ ಹೋಗಿ ನಿಂತಳು. ಕನ್ನಡ ಬಾರದ ಒಬ್ಬ ಹುಡುಗಿ ಹೆಂಚಿನ ಚೂರನ್ನು ಅವಳ ಕೈಗಿಟ್ಟಳು. ಉಚ್ಚಂಗಿ ಅದನ್ನು ಹಿಡಿದುಕೊಂಡು ಬಾಗಿಲ ಕಡೆ ತಿರುಗಿ ನೋಡಿದಳು. ಕಾಳಮ್ಮ ಅವಳ ಕಣ್ಣಿಗೆ ಬೀಳದಂತೆ ಗೋಡೆಯ ಮರೆಗೆ ಸರಿದಳು. ಒಲೆಯ ಹೊಗೆಯಲ್ಲಿ ನಿಂತು, ಹೆಂಚು ನೆಲಕ್ಕೆ ಬೀಳುವ ಸದ್ದಿಗಾಗಿ ಕಾದಳು.