ಎರಡನೆಯ ಓಲೆ

ಅಜ್ಜಿ ಬಂದಾಳೆಂದು ನೀರುಗಂಟಿ ಆರು ವರ್ಷ ಕಾದಿದ್ದಳು. ಕೊನೆಗೂ ಅಜ್ಜಿ ಬಂದಳು, ಆದರೆ ಇವಳ ತಂಗಿಯ ಕೈ ಹಿಡಿದುಕೊಂಡು ಬಂದಳು.

ನೀರುಗಂಟಿ ಎಂಬುದು ಜೊತೆಯ ಕೆಲಸದವರು ಇಟ್ಟ ಹೆಸರು. ನದಿ ದಡದ ಆ ಉದ್ಯಾನದಲ್ಲಿ ಬಂದವರಿಗೆ ಪಳೆಯುಳಿಕೆ ತೋರಿಸುವುದು ಅವಳ ಕೆಲಸ. ಬೇಸಿಗೆಯಲ್ಲಿ ನೀರು ಇಳಿದಾಗ ನದಿಯ ಹಾಸುಬಂಡೆ ಬಯಲಾಗುತ್ತದೆ. ಒಣಗಿದ್ದರೆ ಅದು ಬರೀ ಬೂದುಗಲ್ಲು. ಇದಕ್ಕೇನಾ ಬಿಸಿಲಲ್ಲಿ ಬಂದದ್ದು ಎಂದು ಜನ ಮೂಗು ಮುರಿಯುತ್ತಾರೆ. ಮೇಲೆ ಒಂದಿಷ್ಟು ನೀರು ಹುಯ್ದರೆ ಸಾಕು, ಈ ನದಿಯೇ ಹುಟ್ಟದ ಕಾಲದಲ್ಲಿ ಇಲ್ಲಿದ್ದ ಕಡಲಿನ ಹವಳ, ಚಿಪ್ಪು, ಹುಳುಹುಪ್ಪಟೆಯೆಲ್ಲ ಕಲ್ಲಿನೊಳಗಿಂದ ಕಣ್ಣು ಬಿಡುತ್ತವೆ. ಆರಿದೊಡನೆ ಮತ್ತೆ ಮಾಯ. ಹಾಗಾಗಿ ಅವಳು ದಿನವಿಡೀ ಕ್ಯಾನು ಹೊತ್ತು ಕಲ್ಲಿಗೆ ನೀರು ಹಾಕುವವಳು.

ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಕತೆಯೊಂದರಲ್ಲಿ ನದಿಯ ಮಗಳು ಓಡುತ್ತ ಓಡುತ್ತ ಎರಡೂ ಕಿವಿಯ ಓಲೆ ಕಳೆದುಕೊಳ್ಳುತ್ತಿದ್ದಳು. ಎಲ್ಲಿ ಹೋದವು ಎಂದು ಕೇಳಿದರೆ, ಕಲ್ಲು ನುಂಗಿತು, ಮಲಕ್ಕೊಳ್ಳಿ, ಎಂದು ಅಜ್ಜಿ ಮುಗಿಸಿಬಿಡುತ್ತಿದ್ದಳು. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲೇ ನೀರುಗಂಟಿಗೆ ಅವು ಸಿಕ್ಕಿದ್ದವು. ಬಂಡೆಯ ಮೂಲೆಯಲ್ಲಿ, ನಾಲ್ಕು ಹೆಜ್ಜೆ ಅಂತರದಲ್ಲಿ ಎರಡು ದುಂಡು ಹವಳ, ನಡುವಿನಿಂದ ಸುತ್ತಲೂ ಕಿರಣದಂಥ ಗೆರೆ, ಥೇಟ್ ಓಲೆ. ಯಾರಿಗೂ ತೋರಿಸಿರಲಿಲ್ಲ. ಮೊದಲು ಅಜ್ಜಿ ನೋಡಬೇಕು, ನೋಡಿ ತನ್ನ ತಲೆ ಸವರಬೇಕು. ಮನೆಯಲ್ಲಿ ಆ ಸವರುವ ಕೈಯೆಲ್ಲ ತಂಗಿಯ ಪಾಲಾಗಿತ್ತು.

ಇವತ್ತೂ ಅಷ್ಟೆ. ಅಜ್ಜಿಯ ಬಾಯಲ್ಲಿ ತಂಗಿಯದೇ ಜಪ: ಟಿಕೆಟ್ ಅವಳೇ ತೆಗೆದಳಂತೆ, ಕಿಟಕಿ ಪಕ್ಕ ಕೂರಿಸಿದಳಂತೆ. ಕೇಳುತ್ತ ಕೇಳುತ್ತ ನೀರುಗಂಟಿಗೆ ಕ್ಯಾನು ಒಂದಕ್ಕೆರಡು ಭಾರವಾಯಿತು. ಚಿಪ್ಪು ತೋರಿಸಿದಳು, ಹುಳು ತೋರಿಸಿದಳು. ಓಲೆಯನ್ನು ಕೊನೆಗೆಂದು ಇಟ್ಟುಕೊಂಡಳು. ಅಲ್ಲೇ ಎಡವಟ್ಟಾಯಿತು. ಮೂಲೆಗೆ ಬರುತ್ತಲೇ ತಂಗಿ ಸುಸ್ತೆಂದು ಕೂತು, ಬಾಟಲಿಯ ನೀರಲ್ಲಿ ಮುಖ ತೊಳೆದಳು. ನೀರು ಬಂಡೆಯ ಮೇಲೆ ಹರಿಯಿತು.

"ಅಜ್ಜೀ, ಇಲ್ನೋಡು, ನಿನ್ನ ಕತೇಲಿದ್ದ ಓಲೆ," ಎಂದು ತಂಗಿ ಕೂಗಿದಳು.

ಅಜ್ಜಿ ಮಂಡಿಯೂರಿ ನೋಡಿದಳು. "ಬಂದು ಗಳಿಗೆ ಆಗಿಲ್ಲ, ಹುಡುಕೇಬಿಟ್ಟಳು ನಮ್ಮ ಪುಟ್ಟಿ," ಎಂದು ತಂಗಿಯ ಒದ್ದೆ ಕೆನ್ನೆ ಸವರಿದಳು. "ಆರು ವರ್ಷದಿಂದ ಇಲ್ಲೇ ಓಡಾಡ್ತೀಯಲ್ಲೇ, ನಿನ್ನ ಕಣ್ಣಿಗೆ ಬೀಳಲಿಲ್ವಾ?"

ನನಗೂ ಗೊತ್ತಿತ್ತು ಎಂದರೆ ಈಗ ಯಾರು ನಂಬುತ್ತಾರೆ ಎನ್ನಿಸಿತು ನೀರುಗಂಟಿಗೆ.

ಇನ್ನೊಂದೂ ಇರಬೇಕಲ್ಲ ಎಂದಳು ಅಜ್ಜಿ. ತಂಗಿ ಅಲ್ಲಿ ಇಲ್ಲಿ ನೀರು ಚೆಲ್ಲಿ ಬಾಟಲಿ ಬರಿದು ಮಾಡಿದಳು, ಏನೂ ಕಾಣಲಿಲ್ಲ. ಕ್ಯಾನು ಕೊಡೇ ಅಕ್ಕ ಎಂದು ಕೈ ಚಾಚಿದಳು. ಅಕ್ಕ ಅದನ್ನು ಬೆನ್ನ ಹಿಂದೆ ಹಿಡಿದಳು, ಚಿಕ್ಕಂದಿನಲ್ಲಿ ಗೊಂಬೆ ಬಚ್ಚಿಡುತ್ತಿದ್ದ ಹಾಗೆ. ಸುಮ್ಮನಿದ್ದರೆ ಎರಡನೆಯದಾದರೂ ತನ್ನದಾಗಿಯೇ ಉಳಿಯುತ್ತದೆ. ಆದರೆ ಒಬ್ಬಳೇ ನೋಡಿ ನೋಡಿ ಸಾಕಾಗಿತ್ತು.

ಹೋಗಲಿ ಬಿಡು, ಒಂದಾದರೂ ಸಿಕ್ಕಿತಲ್ಲ ಎಂದು ಅಜ್ಜಿ ತಂಗಿಯ ಭುಜ ಹಿಡಿದು ಎದ್ದಳು.

ನೀರುಗಂಟಿ ನಾಲ್ಕು ಹೆಜ್ಜೆ ನಡೆದಳು. ನೆಲ ನೋಡಲಿಲ್ಲ, ಅಜ್ಜಿಯನ್ನೇ ನೋಡುತ್ತ ಕ್ಯಾನು ಬಗ್ಗಿಸಿದಳು. ಒಣಬಂಡೆಯಲ್ಲಿ ಎರಡನೆಯ ಓಲೆ ಮೂಡಿತು.

ಅಜ್ಜಿ ಓಲೆಯನ್ನು ನೋಡಿದಳು, ಆಮೇಲೆ ಮೊಮ್ಮಗಳನ್ನು. "ಯಾವಾಗಿಂದ ಗೊತ್ತು ನಿಂಗೆ?"

"ಮೊದಲ್ನೇ ವರ್ಷದಿಂದ."

"ಮತ್ತೆ ಬಾಯಿಗೇನಾಗಿತ್ತು?"

"ನಿಂಗೇ ಮೊದಲು ತೋರಿಸ್ಬೇಕು ಅಂತಿದ್ದೆ. ಒಬ್ಬಳೇ ಬರ್ತೀಯ ಅಂದ್ಕೊಂಡಿದ್ದೆ."

ಅಜ್ಜಿ ತಂಗಿಯ ಭುಜ ಬಿಟ್ಟು, ಕುಂಟುತ್ತ ಬಂದು, ನೀರುಗಂಟಿಯ ಟೋಪಿ ತೆಗೆದು ಬೆವರಿದ ತಲೆ ಸವರಿದಳು. ಅತ್ತ ತಂಗಿಯ ಓಲೆ ಆಗಲೇ ಬಿಸಿಲಿಗೆ ಆರಿ ಮಾಯವಾಗಿತ್ತು. ಇದಕ್ಕೂ ಸ್ವಲ್ಪ ನೀರು ಹಾಕೇ ಅಕ್ಕ ಎಂದು ಅವಳು ಸಪ್ಪೆ ಮುಖ ಮಾಡಿ ಕೇಳಿದಳು.

ಹಾಕ್ತೀನಿ ಇರು ಎಂದಳು ನೀರುಗಂಟಿ. ಆದರೆ ಕದಲಲಿಲ್ಲ. ಅಜ್ಜಿಯ ಕೈ ಇನ್ನೂ ತಲೆಯ ಮೇಲೇ ಇತ್ತು.