ಕಲ್ಲವ್ವನ ಮನೆಯ ಗಟಾರ ಎಲ್ಲಿ ಬೀಳುತ್ತದೆ?

ಕಾಶವ್ವನ ಬಾಣಂತನ ಮುಗಿದಿತ್ತು. ಹೊಳೆಗೆ ಹೋಗಿ ಗಂಗವ್ವನ ಪೂಜೆ ಮಾಡಿ, ಮೊಮ್ಮಗನ ನಾಲಿಗೆಗೆ ಹೊಳೆಯ ನೀರು ಮುಟ್ಟಿಸಬೇಕೆಂದು ತಾಯಿ ಕಲ್ಲವ್ವ ಸಡಗರದಿಂದ ಹೊರಟಿದ್ದಳು. ಪುಣೆಗೆ ಬಂದು ಎಷ್ಟೋ ವರ್ಷವಾದರೂ ತವರಿನ ಈ ಪದ್ಧತಿಯನ್ನು ಆಕೆ ಬಿಟ್ಟಿರಲಿಲ್ಲ. ಕೂಸನ್ನೆತ್ತಿಕೊಂಡ ಕಾಶವ್ವ, ಆರತಿ ತಟ್ಟೆ ಹಿಡಿದ ನೆರೆಮನೆಯ ಉಮಾವತಿ ಜೊತೆಗಿದ್ದರು.

ಮುಠಾ ಹೊಳೆಯ ಘಾಟಿನ ಮೆಟ್ಟಿಲಿಗೆ ಬಂದರೆ ಎಲ್ಲರ ಸೆರಗೂ ಮೂಗಿಗೇರಿತು.

"ಕಲ್ಲವ್ವಕ್ಕ, ಈ ನೀರು ಕೂಸಿನ ಬಾಯಿಗೆ ಬ್ಯಾಡ್ರಿ. ವಾಂತಿಭೇದಿ ಹಚ್ಚತದ," ಎಂದಳು ಉಮಾವತಿ.

"ಪೇಪರ್ ಓದಿ ಓದಿ ಗಂಗವ್ವಗೂ ಹೆಸರಿಡತಿ ನೋಡು! ಹರಿಯೋ ನೀರಿಗೆ ಎಂಥಾ ಮೈಲಿಗಿ? ನಮ್ಮನಿ ಗಟಾರ ಈ ಘಾಟಿನ ಕೆಳಗ ಬೀಳ್ತದ. ಅದಕ್ಕ ನಾ ಇಲ್ಲಿ ಮ್ಯಾಲ ಬಂದದ್ದು. ನಾ ಏನ್ ಹುಚ್ಚಿ ಅಲ್ಲ."

"ಹಂಗಾರ ಮ್ಯಾಲಿನ ಪ್ಯಾಟಿಯವರದು ಎಲ್ಲಿ ಬೀಳ್ತದರಿ?"

ಕಲ್ಲವ್ವ ತಲೆಯೆತ್ತಿದಳು. ಮೇಲುಗಡೆ ಕೂಗಳತೆಯಲ್ಲೇ ಕರಿಯ ನೀರಿನ ಗಟಾರವೊಂದು ಹೊಳೆಗೆ ಇಳಿಯುತ್ತಿತ್ತು. "ನಮ್ಮದು ಎಲ್ಲಿ ಬೀಳ್ತದ, ಅದನ್ನೂ ನೋಡೂಣ ನಡಿ," ಎಂದು ಸರಸರ ಕೆಳಗೆ ನಡೆದಳು.

ತನ್ನ ಗಟಾರವನ್ನು ಗುರುತಿಸಲು ತಡವಾಗಲಿಲ್ಲ. ಬಾಣಂತಿಗೆ ಎರೆದ ನೀರಿನ ಬೇವಿನೆಲೆಗಳು ಅದರಲ್ಲಿ ತೇಲುತ್ತಿದ್ದವು. ಅದರ ಕೆಳಗಿನ ಮೆಟ್ಟಿಲಲ್ಲೇ ಮರಾಠಿ ಹೆಣ್ಣುಮಗಳೊಬ್ಬಳು ಕೂಸನ್ನು ಮಡಿಲಲ್ಲಿಟ್ಟುಕೊಂಡು ಅದರ ಬಾಯಿಗೆ ಮುಟ್ಟಿಸಲು ನೀರಿನಲ್ಲಿ ಬೆರಳದ್ದಿದ್ದಳು.

"ನಕೋ ಗ ಬಾಯೀ, ನಕೋ!" ಬೇಡ ಬೇಡವೆನ್ನುತ್ತ ಕಲ್ಲವ್ವ ಓಡಿ ಆಕೆಯ ಕೈ ಹಿಡಿದಳು. ಮುಂದಿನ ಮಾತಿಗೆ ಮರಾಠಿ ಮರೆತೇಹೋಯಿತು. "ಅದರಾಗ ನಮ್ಮನಿ ಹೊಲಸು ಅದವ್ವಾ..."

ಆಮೇಲೆ ಉಮಾವತಿಯತ್ತ ತಿರುಗಿದಳು. "ಉಮಾ, ಮುನಸಿಪಾಲ್ಟಿಯವರು ಪೈಪು ಹಾಕಾಕ ಬಂದಾಗ ನಾನ ಹೊಳ್ಳಿ ಕಳಿಸಿದೆ. ದೇವರ ಮನಿ ಮಗ್ಗಲಾಗ ಹೊಲಸಿನ ಪೈಪು ಯಾಕಂತ. ಖರೇ ಹೇಳು, ಅದೂ ಹೊಳಿಗೇ ಬೀಳೂದಲ್ಲ?"

"ಇಲ್ಲರಿ. ನಮ್ಮ ವಾಚನ ಮಂಡಳಿಯವರು ನೋಡಿ ಬಂದೀವಿ. ಊರ ಹೊರಗ ದೊಡ್ಡ ಹೊಂಡ ಅದ. ಅಲ್ಲಿ ಗಸಿ ತಳಕ್ಕ ಕೂಡ್ತದ. ಮ್ಯಾಲಿನ ತಿಳೀನ ಜಲ್ಲಿಕಲ್ಲಿನ ಮ್ಯಾಲ ಹನಸ್ತಾರ. ಕಲ್ಲಿಗೆ ಅಂಟಿದ ಸಣ್ಣ ಜೀವ ಹೊಲಸು ತಿಂತಾವ. ಕಣ್ಣಿಗೆ ಕಾಣೂದಿಲ್ಲ."

"ತಿಂತಾವ? ಯಾರು ತಂದು ಬಿಟ್ಟಾರ ಅವನ್ನ?"

"ತಾವ ಬೆಳೀತಾವ. ಹಾಲಿಗೆ ಹೆಪ್ಪು ಹಾಕಿದ್ರ ಮಸರು ಮಾಡೂವೂ ಇಂಥಾವೇ."

"ಆ ನೀರು ಕುಡೀಬಹುದೇನು ಮತ್ತ?"

"ಕುಡ್ಯಾಕಲ್ಲರಿ, ಕಬ್ಬಿಗೆ ಬಿಡ್ತಾರ. ಹೊಳಿಗೆ ಬಿಟ್ರೂ ಇಷ್ಟು ನಾರೂದಿಲ್ಲ. ಸಾಹೇಬರ ಬಂಗಲೇಕ ಈ ಪೈಪು ಬಂದು ಭಾಳ ದಿನಾತು. ನಮ್ಮ ಪ್ಯಾಟಿಗೆ ನಾವು ಜಗಳಾಡಿ ತಂದ್ರ, ನೀವು ಬಾಗಲಾ ಹಾಕಿದ್ರಿ!"

ಕಲ್ಲವ್ವ ಎಲ್ಲರನ್ನೂ ಕರೆದುಕೊಂಡು ಮನೆಗೆ ಮರಳಿದಳು. ಪೂಜೆ ಅಂಗಳದ ನಳದ ಹತ್ತಿರವೇ ನಡೆಯಿತು. ಕೂಸಿನ ಬಾಯಿಗೆ ತಾಯಿಯ ಹಾಲಷ್ಟೇ ಸಾಕಾಯಿತು.

"ಪೈಪು ಹಾಕಿದ್ರ ಮನೀ ಮಡಿ ಏನಾಗಬೇಕು?" ಪೈಪು ಹಾಕಿಸಿರೆಂದ ಕಲ್ಲವ್ವನ ಮೇಲೆ ಗಂಡ ಶಿವರುದ್ರಪ್ಪ ಗೊಣಗಿದ.

"ಮಂದಿ ಕೂಸಿನ ಬಾಯಾಗ ನಮ್ಮ ಹೊಲಸು ಹಾಕಿ ನಾವು ಮಡಿ ಉಡೂದು ಯಾವ ಮಡೀರಿ?"

ಶಿವರುದ್ರಪ್ಪ ರುಮಾಲು ಸುತ್ತಿಕೊಂಡು ಮುನಸಿಪಾಲ್ಟಿಯ ದಾರಿ ಹಿಡಿದ.

ತಾಯಂದಿರೇ, ಅಣ್ಣಂದಿರೇ! ನಿಮ್ಮ ಗಟಾರದ ಬೆನ್ನು ಹತ್ತಿ ಒಮ್ಮೆ ನಡೆದು ನೋಡಿ. ಪ್ರತಿ ಘಾಟೂ ಯಾರದೋ ಗಟಾರದ ಕೆಳಗಿದೆ. ಪೈಪು ಬಂದ ಬೀದಿಯವರು ಇಂದೇ ಜೋಡಿಸಿಕೊಳ್ಳಿ. ಬಾರದ ಬೀದಿಯವರು ಒಟ್ಟಾಗಿ ಹೋಗಿ ಕಚೇರಿಯ ಬಾಗಿಲು ಬಡಿಯಿರಿ. ನಮ್ಮ ಕರ ತಿನ್ನುವವರು ನಮ್ಮ ಕೊಳೆ ತೊಳೆದೇ ಹೊಳೆಗೆ ಬಿಡಲಿ!